ಗೋಡೆ ಒಡೆದು ಬಂದ ಇಂಜಿನ್, ಚಿತ್ರದಲ್ಲಿಲ್ಲದ ಹೆಂಗಸು

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ನಡೆಯುವ ಕೂಟದಲ್ಲಿ ಹಳೆಯ ಫೋಟೋ ಒಂದನ್ನು ಮುಂದಿಟ್ಟುಕೊಂಡು ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ದೀಪ ಆರಿಸಿ ಗೋಡೆಯ ಮೇಲೆ ಈ ಫೋಟೋ ಬಿದ್ದ ಕೂಡಲೇ ನಿಮ್ಮಲ್ಲಿ ಸುಮಾರು ಜನ ನಕ್ಕಿರಿ. ಅದರಲ್ಲಿ ತಪ್ಪೇನಿಲ್ಲ. ಮೊದಲ ಸಲ ನೋಡಿದಾಗ ನನಗೂ ನಗು ಬಂದಿತ್ತು. ಮಹಡಿಯ ಮೇಲಿನ ಗೋಡೆ ಒಡೆದುಕೊಂಡು ಉಗಿ ಇಂಜಿನ್ ಹೊರಗೆ ಬಂದಿದೆ. ಕೆಳಗಿನ ರಸ್ತೆಗೆ ಮೂತಿ ಊರಿ, ಹಿಂಭಾಗವನ್ನು ಮೇಲಕ್ಕೆತ್ತಿ, ಗೋಡೆಗೆ ಏಣಿ ಒರಗಿಸಿದ ಹಾಗೆ ಒರಗಿಕೊಂಡಿದೆ. ಅದರ ಹಿಂದೆ ಕಲ್ಲಿದ್ದಲು, ನೀರು ಹೊತ್ತ ಟೆಂಡರ್ ಗೋಡೆಯ ಕಂಡಿಯಲ್ಲಿ ನೇತಾಡುತ್ತಿದೆ. ಮೇಲೆ ಅರ್ಧಚಂದ್ರದ ಆಕಾರದ ಗಾಜಿನ ಕಿಟಕಿ. ಕೆಳಗೆ ಕಲ್ಲು, ಇಟ್ಟಿಗೆ, ಮುರಿದ ಕಬ್ಬಿಣದ ರಾಶಿ. ಇಷ್ಟು ದೊಡ್ಡ ಯಂತ್ರ ಮಕ್ಕಳ ಆಟಿಕೆಯ ಹಾಗೆ ಬಿದ್ದಿರುವುದನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ.

ಈ ಫೋಟೋವನ್ನು ನಿಮ್ಮಲ್ಲಿ ಕೆಲವರು ಮೊದಲೇ ನೋಡಿರಬಹುದು. ಪೋಸ್ಟರ್‌ಗಳಲ್ಲಿ ಬಂದಿದೆ, ಕಾರ್ಡುಗಳಲ್ಲಿ ಬಂದಿದೆ. ಅಮೆರಿಕದ ರಾಕ್ ತಂಡವೊಂದು 1991ರಲ್ಲಿ ತನ್ನ ಆಲ್ಬಮ್ಮಿನ ಹೊದಿಕೆಗೆ ಹಾಕಿಕೊಂಡಿತ್ತು. ಬ್ರೆಜಿಲ್ ದೇಶದ ಒಂದು ಮನರಂಜನಾ ಪಾರ್ಕಿನಲ್ಲಿ ಈ ದೃಶ್ಯವನ್ನೇ ಗೋಡೆ, ಇಂಜಿನ್ ಸಮೇತ ಕಟ್ಟಿ ನಿಲ್ಲಿಸಿದ್ದಾರೆ. ನನಗೆ ಇದು ಬಂದದ್ದು ವಾಟ್ಸಾಪಿನಲ್ಲಿ. ‘ಸೋಮವಾರ ಬೆಳಗ್ಗೆ ಆಫೀಸಿಗೆ ಹೊರಟ ನಾನು’ ಎಂದು ಮೇಲೆ ಬರೆದಿತ್ತು. ನಾನೂ ನಾಲ್ಕು ಜನಕ್ಕೆ ಕಳಿಸಿದೆ. ಆಮೇಲೆ ಒಂದು ದಿನ ಸುಮ್ನೆ ಕೂತು ಇದರ ಕಥೆ ಓದಿದೆ. ಓದಿದ ಮೇಲೆ ಮತ್ತೆ ಯಾರಿಗೂ ಹಾಗೆ ಕಳಿಸಲು ಮನಸ್ಸು ಬರಲಿಲ್ಲ. ಇವತ್ತು ನಿಮ್ಮ ಮುಂದೆ ನಿಂತಿರುವುದು ಆ ಕಾರಣಕ್ಕೆ.

ಇದು ಪ್ಯಾರಿಸ್ ನಗರದ ಮೋಂಪಾರ್ನಾಸ್ ರೈಲು ನಿಲ್ದಾಣ. ದಿನ 1895ರ ಅಕ್ಟೋಬರ್ 22, ಮಂಗಳವಾರ. ಹೊತ್ತು ಸಂಜೆ ನಾಲ್ಕು.

ಆ ದಿನದ ಕಥೆಗೆ ಹೋಗುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ರೈಲು ಮತ್ತು ಕ್ಯಾಮೆರಾ ಹೆಚ್ಚೂಕಡಿಮೆ ಓರಗೆಯವು. ಪ್ಯಾರಿಸ್‌ನಿಂದ ಮೊದಲ ಪ್ರಯಾಣಿಕರ ರೈಲು ಹೊರಟದ್ದು 1837ರಲ್ಲಿ. ಅದೇ ಊರಿನಲ್ಲಿ ದಾಗೆರ್ ಎಂಬಾತ ಫೋಟೋ ತೆಗೆಯುವ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು 1839ರಲ್ಲಿ. ಮೋಂಪಾರ್ನಾಸ್‌ನಲ್ಲಿ ಮೊದಲ ನಿಲ್ದಾಣ ತೆರೆದದ್ದು 1840ರಲ್ಲಿ. ಆದರೆ ಒಂದು ತೊಡಕಿತ್ತು. ರೈಲು ಓಡುವ ವಸ್ತು, ಆಗಿನ ಕ್ಯಾಮೆರಾಕ್ಕೆ ಓಡುವುದು ಯಾವುದೂ ಕಾಣುತ್ತಿರಲಿಲ್ಲ.

ದಾಗೆರ್ 1838ರಲ್ಲಿ ತನ್ನ ಕಿಟಕಿಯಿಂದ ಪ್ಯಾರಿಸ್‌ನ ಒಂದು ರಸ್ತೆಯ ಚಿತ್ರ ತೆಗೆದ. ಗಾಡಿ, ಕುದುರೆ, ಜನ ಗಿಜಿಗುಡುವ ರಸ್ತೆ. ಚಿತ್ರದಲ್ಲಿ ಮಾತ್ರ ರಸ್ತೆ ಖಾಲಿ. ತಟ್ಟೆಯ ಮೇಲೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೀಳಬೇಕಿತ್ತು. ಅಷ್ಟರಲ್ಲಿ ನಡೆದುಹೋದವರು ಯಾರೂ ಅದರ ಮೇಲೆ ಉಳಿಯಲಿಲ್ಲ. ಮೂಲೆಯಲ್ಲಿ ಒಬ್ಬ ಮಾತ್ರ ಉಳಿದಿದ್ದಾನೆ. ಆತ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು ಕಾಲು ಮುಂದಿಟ್ಟು ನಿಂತಿದ್ದ. ಅಲ್ಲಾಡದೆ ನಿಂತಿದ್ದಕ್ಕೆ ಸಿಕ್ಕಿಕೊಂಡ. ಫೋಟೋದಲ್ಲಿ ಬಂದ ಮೊದಲ ಮನುಷ್ಯರಲ್ಲಿ ಒಬ್ಬ ಎಂದು ಇವತ್ತಿಗೂ ಆತನನ್ನು ನೆನೆಯುತ್ತಾರೆ. ಹೆಸರಿಲ್ಲ, ಮುಖವೂ ಸರಿಯಾಗಿ ಕಾಣುವುದಿಲ್ಲ. ಆದರೂ ಇದ್ದಾನೆ.

1855ರಲ್ಲಿ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಪ್ಯಾರಿಸ್‌ಗೆ ಬಂದಳು. ಉತ್ತರ ಫ್ರಾನ್ಸ್‌ನ ರೈಲ್ವೆ ಕಂಪನಿಯ ಯಜಮಾನ ಜೇಮ್ಸ್ ರಾತ್‌ಶೀಲ್ಡ್ ಆಕೆಗೆ ಕೊಡಲು ಒಂದು ಫೋಟೋ ಆಲ್ಬಮ್ ಮಾಡಿಸಿದ. ಅದನ್ನು ಮಾಡಿದವನು ಎದುವಾರ್ ಬಾಲ್ದ್ಯುಸ್. ಮೂಲತಃ ಚಿತ್ರಕಲಾವಿದ, ಪ್ರಶ್ಯಾದಿಂದ ಪ್ಯಾರಿಸ್‌ಗೆ ಬಂದು ಕ್ಯಾಮೆರಾ ಹಿಡಿದವನು. ಆಮೇಲೆ ದಕ್ಷಿಣದ ರೈಲು ದಾರಿಯಲ್ಲೂ ಚಿತ್ರ ತೆಗೆದ. ಆತ ತೆಗೆದ ತುಲೋಂ ನಿಲ್ದಾಣದ ಚಿತ್ರ ನೋಡಿದರೆ ಎದೆ ತುಂಬಿ ಬರುತ್ತದೆ. ಮೇಲೆ ದೊಡ್ಡ ಚಾವಣಿ, ಕೆಳಗೆ ದೂರಕ್ಕೆ ಹೋಗುತ್ತಾ ಸೇರಿಕೊಳ್ಳುವ ಹಳಿಗಳು. ಅಷ್ಟೇ. ಜಾತ್ರೆಯ ಮರುದಿನದ ದೇವಸ್ಥಾನದ ಅಂಗಳದ ಹಾಗಿದೆ. ಆ ಕಾಲದ ನಿಲ್ದಾಣದ ಚಿತ್ರಗಳಲ್ಲಿ ಬಹಳಷ್ಟು ಹೀಗೇ. ನಿಲ್ದಾಣ ಇರುತ್ತದೆ, ಪ್ರಯಾಣಿಕರು ಇರುವುದಿಲ್ಲ.

1870ರ ದಶಕದಲ್ಲಿ ಬೇಗ ಚಿತ್ರ ಹಿಡಿಯುವ ಒಣ ತಟ್ಟೆಗಳು ಬಂದವು. 1888ರಲ್ಲಿ ಕೈಯಲ್ಲಿ ಹಿಡಿಯುವ ಕೊಡಾಕ್ ಕ್ಯಾಮೆರಾ ಬಂತು. 1895ರ ಹೊತ್ತಿಗೆ ಕ್ಯಾಮೆರಾ ಚುರುಕಾಗಿತ್ತು, ನಡೆಯುವ ಮನುಷ್ಯನನ್ನು ಹಿಡಿಯುತ್ತಿತ್ತು. ಆದರೂ ನಾವೀಗ ಗೋಡೆಯ ಮೇಲೆ ನೋಡುತ್ತಿರುವ ಚಿತ್ರ ಸಿಕ್ಕಿದ್ದು ಹಳೆಯ ಕಾರಣಕ್ಕೇ. ಇಂಜಿನ್ ಅಲ್ಲಾಡದೆ ನಿಂತಿತ್ತು, ಅದಕ್ಕೆ ಸಿಕ್ಕಿತು. ಅದನ್ನು ಆಮೇಲೆ ಹೇಳುತ್ತೇನೆ.

ಈಗ ಆ ಗಾಡಿಯ ವಿಷಯ.

ಗ್ರಾನ್‌ವಿಲ್ ಎನ್ನುವುದು ಫ್ರಾನ್ಸ್‌ನ ಪಶ್ಚಿಮ ಕರಾವಳಿಯ ಒಂದು ಬಂದರು ಊರು. ಅಲ್ಲಿಂದ ಪ್ಯಾರಿಸ್‌ಗೆ ಬರುವ ಎಕ್ಸ್‌ಪ್ರೆಸ್ ಬೆಳಗ್ಗೆ 8.45ಕ್ಕೆ ಹೊರಟಿತು. ಮಧ್ಯಾಹ್ನ 3.55ಕ್ಕೆ ಮೋಂಪಾರ್ನಾಸ್ ಸೇರಬೇಕು. ಇಂಜಿನ್ ನಂಬರ್ 721. ಅದರ ಹಿಂದೆ ಮೂರು ಲಗೇಜ್ ಡಬ್ಬಿ, ಒಂದು ಟಪಾಲು ಡಬ್ಬಿ, ಆರು ಪ್ರಯಾಣಿಕರ ಡಬ್ಬಿ. ಪ್ರಯಾಣಿಕರು 131 ಜನ. ಡ್ರೈವರ್ ಗಿಯೋಮ್ ಮಾರಿ ಪೆಲ್ರಾಂ. ಹೊಸಬನೇನಲ್ಲ, 19 ವರ್ಷ ಇಂಜಿನ್ ಓಡಿಸಿದ ಅನುಭವ ಇತ್ತು. ಗಾರ್ಡ್‌ನ ಹೆಸರು ಆಲ್ಬೇರ್ ಮಾರಿಯೆಟ್.

ಗಾಡಿ ಕೆಲವು ನಿಮಿಷ ಲೇಟಾಗಿತ್ತು. ಗಂಟೆಗಟ್ಟಲೆ ಲೇಟಾಗುವ ಗಾಡಿಗೆ ಕಾದು ಕೂತು ಅಭ್ಯಾಸ ಇರುವ ನಮಗೆ ಅದೊಂದು ಲೆಕ್ಕವೇ ಅಲ್ಲ. ಆದರೆ ಅಲ್ಲಿ ಆ ಕೆಲವು ನಿಮಿಷ ಭಾರವಾಯಿತು. ಹೋದ ಹೊತ್ತನ್ನು ಹಿಡಿಯಲು ಪೆಲ್ರಾಂ ವೇಗ ಇಳಿಸದೆ ಬಂದ. ನಿಲ್ದಾಣದೊಳಕ್ಕೆ ಬರುವಾಗ ಗಾಡಿಯ ವೇಗ ಗಂಟೆಗೆ 40ರಿಂದ 60 ಕಿಲೋಮೀಟರ್.

ಈ ವೇಗ ಎಂಥದ್ದು ಎಂದು ತಿಳಿಯಬೇಕಾದರೆ ಮೋಂಪಾರ್ನಾಸ್ ಎಂಥ ನಿಲ್ದಾಣ ಎಂದು ತಿಳಿಯಬೇಕು. ನಮ್ಮ ಬೆಂಗಳೂರು ಸಿಟಿ, ಹುಬ್ಬಳ್ಳಿ, ಅರಸೀಕೆರೆ ನಿಲ್ದಾಣಗಳಲ್ಲಿ ಗಾಡಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗಬಹುದು. ಮುಂಬಯಿಯ ವಿ.ಟಿ.ಯಲ್ಲಿ (ಈಗಿನ ಸಿ.ಎಸ್.ಎಂ.ಟಿ.) ಹಾಗಿಲ್ಲ. ಅಲ್ಲಿ ಇಳಿದವರಿಗೆ ಗೊತ್ತು, ಹಳಿ ಅಲ್ಲೇ ಮುಗಿಯುತ್ತದೆ. ಹಳಿಯ ತುದಿಯಲ್ಲಿ ಗಾಡಿಯನ್ನು ತಡೆಯುವ ಬಫರ್. ಅದರಾಚೆ ಜನ ಓಡಾಡುವ ಹಜಾರ, ಅದರಾಚೆ ಊರು. ಚೆನ್ನೈ ಸೆಂಟ್ರಲ್ ಹಾಗೆ, ಹೌರಾ ಹಾಗೆ. ಮೋಂಪಾರ್ನಾಸ್ ಕೂಡ ಹಾಗೆಯೇ. ಇನ್ನೊಂದು ವಿಶೇಷ ಏನೆಂದರೆ ಅಲ್ಲಿ ಹಳಿಗಳು ಮಹಡಿಯ ಮಟ್ಟದಲ್ಲಿದ್ದವು. ನಿಲ್ದಾಣದ ಮುಂದಿನ ಚೌಕ, ಅದರ ಹೆಸರು ಪ್ಲಾಸ್ ದ ರೆನ್, ಹತ್ತು ಮೀಟರ್ ಕೆಳಗಿತ್ತು. ಅಂದರೆ ಮೂರು ಮಹಡಿಯ ಮನೆಯಷ್ಟು ಎತ್ತರದಲ್ಲಿ ಗಾಡಿಗಳು ಬಂದು ನಿಲ್ಲುತ್ತಿದ್ದವು.

ಹಾಗಾಗಿ ಅಲ್ಲಿ ಡ್ರೈವರ್‌ನ ಕೊನೆಯ ಕೆಲಸವೇ ದೊಡ್ಡ ಕೆಲಸ. ಈ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಬ್ರೇಕ್ ಅವರ ಕೆಲಸ. ಮನೆಗೆ ಬಂದು ಕೈಗೆ ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಇಂಜಿನ್ ಎಂದರೆ ಬಾಯಿ ಬಿಡುತ್ತಿದ್ದ ನನಗೆ ಅವರು ಹೇಳುತ್ತಿದ್ದದ್ದು ಒಂದೇ: “ಗಾಡಿ ಓಡ್ಸೋದು ದೊಡ್ಡದಲ್ಲೋ ತಮ್ಮಾ, ನಿಂದರ್ಸೋದು ದೊಡ್ಡದು.”

ಒಮ್ಮೆ ನನ್ನನ್ನು ಯಾರ್ಡಿನಲ್ಲಿ ನಿಂತಿದ್ದ ಗಾಡಿಯ ಹತ್ತಿರ ಕರೆದುಕೊಂಡು ಹೋದರು. ನಮ್ಮ ದೇಶದಲ್ಲಿ ಆಗ ವ್ಯಾಕ್ಯೂಮ್ ಬ್ರೇಕ್. ಎರಡು ಡಬ್ಬಿಗಳ ನಡುವೆ ಆನೆ ಸೊಂಡಿಲಿನ ಹಾಗೆ ಜೋತಾಡುವ ದಪ್ಪ ರಬ್ಬರ್ ಹೋಸ್ ನೋಡಿದ್ದೀರಲ್ವಾ? ಕೊನೆಯ ಡಬ್ಬಿಯ ಹೋಸಿನ ಬಾಯಿ ತೆಗೆದು, “ಅಂಗೈ ಇಡು” ಎಂದರು. ಇಟ್ಟೆ. ಹೋಸ್ ಗಬಕ್ಕನೆ ಅಂಗೈಯನ್ನು ಎಳೆದುಕೊಂಡಿತು. ಕಿತ್ತುಕೊಳ್ಳಲು ನೋಡಿದರೆ ಬಿಡುತ್ತಿಲ್ಲ. ನನಗೆ ಗಾಬರಿ. ಅಪ್ಪ ನಗುತ್ತಾ ಕೈ ಬಿಡಿಸಿದರು. ಅಂಗೈ ಮೇಲೆ ರೂಪಾಯಿಗಿಂತ ದೊಡ್ಡದಾದ ಕೆಂಪು ಉಂಗುರ ಬಿದ್ದಿತ್ತು. “ಈ ಎಳತ ಇರೂತನ ಬ್ರೇಕ್ ಮ್ಯಾಲ ಇರ್ತಾವು. ಎಳತ ಹೋತಂದ್ರ ಎಲ್ಲಾ ಡಬ್ಬಿಗೂ ಬ್ರೇಕ್ ಬೀಳ್ತಾವು” ಎಂದರು. ಆಗ ನಾವು ಚೈನ್ ಎಳೆದಾಗ ಆಗುತ್ತಿದ್ದದ್ದೂ ಇದೇ. ಚೈನ್ ಎಳೆದರೆ ಪೈಪಿನೊಳಕ್ಕೆ ಗಾಳಿ ನುಗ್ಗುತ್ತಿತ್ತು, ಗಾಡಿ ನಿಲ್ಲುತ್ತಿತ್ತು.

ಪೆಲ್ರಾಂನ ಗಾಡಿಯಲ್ಲಿದ್ದದ್ದು ವೆಸ್ಟಿಂಗ್‌ಹೌಸ್ ಬ್ರೇಕ್. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ರೂಪಿಸಿದ್ದು. ಇದು ವ್ಯಾಕ್ಯೂಮಿಗೆ ತದ್ವಿರುದ್ಧ. ಇಲ್ಲಿ ಪೈಪಿನ ತುಂಬ ಒತ್ತಿ ತುಂಬಿದ ಗಾಳಿ. ಪ್ರತಿ ಡಬ್ಬಿಯ ಅಡಿಯಲ್ಲೂ ಗಾಳಿಯ ಒಂದು ತೊಟ್ಟಿ. ಡ್ರೈವರ್ ಪೈಪಿನ ಗಾಳಿಯನ್ನು ಹೊರಗೆ ಬಿಟ್ಟರೆ, ಒತ್ತಡ ಇಳಿದದ್ದು ತಿಳಿದು ಆ ತೊಟ್ಟಿಯ ಗಾಳಿ ಬ್ರೇಕನ್ನು ಚಕ್ರಕ್ಕೆ ಒತ್ತುತ್ತದೆ. ಪೈಪ್ ಒಡೆದರೂ ಬ್ರೇಕ್ ತಾನೇ ಬೀಳುತ್ತದೆ. ಬಹಳ ಬುದ್ಧಿವಂತಿಕೆಯ ಕೆಲಸ. ಇವತ್ತು ನಮ್ಮ ಗಾಡಿಗಳಲ್ಲೂ ವ್ಯಾಕ್ಯೂಮ್ ಹೋಗಿ ಗಾಳಿಯ ಬ್ರೇಕೇ ಬಂದಿದೆ.

ಆ ಸಂಜೆ ಆ ಬ್ರೇಕ್ ಕೈಕೊಟ್ಟಿತು. ಇನ್ನು ಉಳಿದದ್ದು ಇಂಜಿನ್ನಿನ ಬ್ರೇಕ್ ಮತ್ತು ಗಾರ್ಡ್ ಕೈಯಲ್ಲಿದ್ದ ಹ್ಯಾಂಡ್ ಬ್ರೇಕ್. ಮಾರಿಯೆಟ್ ತನ್ನ ಡಬ್ಬಿಯಲ್ಲಿ ಕಾಗದಪತ್ರ ಬರೆಯುವುದರಲ್ಲಿ ಮುಳುಗಿದ್ದ. ಗಾಡಿ ನಿಲ್ದಾಣಕ್ಕೆ ಬರುತ್ತಿದೆ, ಲೆಕ್ಕ ಮುಗಿಸಬೇಕು, ಸಹಿ ಹಾಕಬೇಕು. ತಲೆ ಎತ್ತಿ ನೋಡಿ ಹ್ಯಾಂಡ್ ಬ್ರೇಕ್ ತಿರುಗಿಸುವ ಹೊತ್ತಿಗೆ ಬಫರ್ ಕೆಲವೇ ಮೀಟರ್ ಮುಂದಿತ್ತು.

ವೇಗ ಎರಡು ಪಟ್ಟು ಆದರೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು ಆಗುತ್ತದೆ. ಅಷ್ಟು ದೂರ ಅಲ್ಲಿ ಉಳಿದಿರಲಿಲ್ಲ.

ಇಂಜಿನ್ ಬಫರನ್ನು ಮುರಿದು ಹಜಾರಕ್ಕೆ ಹತ್ತಿತು. ಹಳಿಯಿಲ್ಲದ ನೆಲದ ಮೇಲೆ ಸುಮಾರು 30 ಮೀಟರ್ ಓಡಿತು. ಎದುರಿಗೆ 60 ಸೆಂಟಿಮೀಟರ್ ದಪ್ಪದ ಗೋಡೆ. ಎರಡು ಅಡಿ! ನಮ್ಮ ಕಡೆಯ ಹಳೆಯ ವಾಡೆಗಳ ಗೋಡೆಯಷ್ಟು. ಅದನ್ನೂ ಒಡೆದು ಹೊರಗೆ ಬಂತು. ಆಮೇಲೆ ಕೆಳಗೆ ಹತ್ತು ಮೀಟರ್ ಬರೀ ಗಾಳಿ. ಹತ್ತು ಮೀಟರ್ ಮೇಲಿಂದ ಯಾವ ವಸ್ತು ಬಿದ್ದರೂ ನೆಲ ಮುಟ್ಟಲು ಒಂದೂವರೆ ಸೆಕೆಂಡ್ ಕೂಡ ಬೇಕಾಗುವುದಿಲ್ಲ.

ಒಂದು ಒಳ್ಳೆಯ ಸುದ್ದಿ ಇದೆ. ಪ್ರಯಾಣಿಕರ ಡಬ್ಬಿಗಳು ಮೇಲೆಯೇ ಉಳಿದವು. ಲಗೇಜ್ ಡಬ್ಬಿಗಳು ಮುಂದಿದ್ದದ್ದೂ ಅನುಕೂಲವಾಯಿತು. 131 ಜನರಲ್ಲಿ ಒಬ್ಬರೂ ಸಾಯಲಿಲ್ಲ. ಇಬ್ಬರು ಪ್ರಯಾಣಿಕರಿಗೆ, ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್‌ಗೆ, ಇಬ್ಬರು ಗಾರ್ಡ್‌ಗಳಿಗೆ, ದಾರಿಯಲ್ಲಿ ಹೋಗುತ್ತಿದ್ದ ಒಬ್ಬರಿಗೆ ಗಾಯವಾಯಿತು. ಈ ಚಿತ್ರವನ್ನು ನೋಡಿದವರು ಯಾರೂ ಇಷ್ಟನ್ನು ನಂಬುವುದಿಲ್ಲ. ನೂರಾರು ಜನ ಹೋಗಿರಬೇಕು ಅಂದುಕೊಳ್ಳುತ್ತಾರೆ. ಇಲ್ಲ ಎಂದು ತಿಳಿದ ಮೇಲೆ ಸಮಾಧಾನವಾಗಿ ಇನ್ನೂ ಜೋರಾಗಿ ನಗುತ್ತಾರೆ.

ಆದರೆ ಒಬ್ಬರು ಸತ್ತರು. ಹೆಸರು ಮಾರಿ ಒಗುಸ್ತೀನ್ ಅಗಿಲಾರ್. ಆಕೆ ಗಾಡಿಯಲ್ಲಿದ್ದವಳಲ್ಲ. ಕೆಳಗೆ ಚೌಕದಲ್ಲಿ ಪತ್ರಿಕೆ ಮಾರುತ್ತಿದ್ದಳು. ಆ ಜಾಗ ಆಕೆಯ ಗಂಡನದು. ದಿನವೂ ಪತ್ರಿಕೆ ಮಾರುತ್ತಿದ್ದವನು ಅವನೇ. ಆ ಹೊತ್ತಿಗೆ ಅವನ ಬದಲಿಗೆ ಈಕೆ ನಿಂತಿದ್ದಳು. ಗೋಡೆಯ ಕಲ್ಲುಗಳು ಮೈಮೇಲೆ ಬಿದ್ದವು. ಇಬ್ಬರು ಮಕ್ಕಳಿದ್ದರು.

‘ಸ್ವಲ್ಪ ಹೊತ್ತು ಅಂಗಡಿ ನೋಡ್ಕೋ, ಬಂದೆ’ ಎನ್ನುವುದು ನಮಗೆಲ್ಲ ಗೊತ್ತಿರುವ ಮಾತು ಅಲ್ವಾ? ಬೀಡಾ ಅಂಗಡಿಯಲ್ಲಿ, ಹೂವಿನ ಬುಟ್ಟಿಯ ಮುಂದೆ, ಬಸ್‌ಸ್ಟ್ಯಾಂಡಿನ ಪೇಪರ್ ಸ್ಟಾಲಿನಲ್ಲಿ ದಿನವೂ ನಡೆಯುತ್ತದೆ. ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಗಂಡ ಕೂತಿದ್ದ ಸ್ಟೂಲಿನ ಮೇಲೆ ಕೂರುತ್ತಾಳೆ. ಚಿಲ್ಲರೆ ಎಲ್ಲಿದೆ, ಯಾವ ಪೇಪರಿಗೆ ಎಷ್ಟು ಎಂದು ಆಕೆಗೂ ಗೊತ್ತಿರುತ್ತದೆ. ನನಗೆ ಆ ಹೆಂಗಸನ್ನು ಯೋಚಿಸಿದಾಗಲೆಲ್ಲ ಕಣ್ಣಿಗೆ ಬರುವುದು ಇದು. ಪ್ಯಾರಿಸ್ ನಾನು ನೋಡಿಲ್ಲ. ಆದರೆ ಈ ಬದಲಿ ಕೆಲಸ ನೋಡಿದ್ದೇನೆ. ಅಪ್ಪ ರಾತ್ರಿ ಪಾಳಿ ಮುಗಿಸಿ ಮಲಗಿದಾಗ ರೇಷನ್ ಸಾಲಿನಲ್ಲಿ ಅಮ್ಮನೇ ನಿಲ್ಲುತ್ತಿದ್ದಳು.

ಈಗ ಫೋಟೋವನ್ನು ಇನ್ನೊಮ್ಮೆ ನೋಡಿ. ದಯವಿಟ್ಟು ಸ್ವಲ್ಪ ಮುಂದೆ ಬನ್ನಿ. ಇಂಜಿನ್ ನೋಡಬೇಡಿ. ಅದು ಕಣ್ಣನ್ನು ಎಳೆಯುತ್ತದೆ, ಅದು ಗೊತ್ತು. ಅದರ ಬುಡ ನೋಡಿ. ಅಲ್ಲಿ ಬಿದ್ದಿರುವ ಕಲ್ಲುಗಳನ್ನು ನೋಡಿ. ಕೆಲವು ಒರಟು ತುಂಡುಗಳು, ಕೆಲವು ನುಣುಪಾಗಿ ಕೆತ್ತಿದವು. ಕಟ್ಟಡದ ಹೊರಮೈಗೆಂದು ಯಾರೋ ಉಳಿಯಿಂದ ನಿಧಾನವಾಗಿ ಮಾಡಿದ ಅಂಚುಗಳು. ಈ ನಿಲ್ದಾಣವನ್ನು 1852ರ ಹೊತ್ತಿಗೆ ಕಟ್ಟಿ ಮುಗಿಸಿದರು. ವಿಕ್ಟರ್ ಲೆನ್ವಾರ್ ಎಂಬಾತ ಇದರ ವಾಸ್ತುಶಿಲ್ಪಿ. ಮುಂಭಾಗದಲ್ಲಿ ಎರಡು ದೊಡ್ಡ ಕಮಾನು, ನಡುವೆ ಗಡಿಯಾರ. ಊರಿಗೆ ಬಂದವರಿಗೆ ಇದೊಂದು ಚಂದದ ಹೆಬ್ಬಾಗಿಲು ಎಂದು ಕಟ್ಟಿದ ಗೋಡೆ ಅದು. ಅದೇ ಗೋಡೆಯ ಕಲ್ಲು ಆಕೆಯ ಮೇಲೆ ಬಿತ್ತು. ಇಂಜಿನ್ ಆಕೆಯನ್ನು ಮುಟ್ಟಲಿಲ್ಲ.

ಆಮೇಲೆ ಏನಾಯಿತು ಎನ್ನುವುದರಲ್ಲಿ ಈ ಫೋಟೋ ಹುಟ್ಟಿದ ಬಗೆ ಇದೆ. ಇಂಜಿನ್ನನ್ನು ಅಲ್ಲಿಂದ ತೆಗೆಯಬೇಕು. 14 ಕುದುರೆಗಳನ್ನು ಕಟ್ಟಿ ಎಳೆದರು. ಅದು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ 250 ಟನ್ ಎಳೆಯಬಲ್ಲ ವಿಂಚ್ ತಂದು, ಹತ್ತು ಜನ ಸೇರಿ ಮೊದಲು ಇಂಜಿನ್ನನ್ನು ನೆಲಕ್ಕೆ ಇಳಿಸಿದರು. ಆಮೇಲೆ ಟೆಂಡರನ್ನು ಮೇಲಕ್ಕೆ, ನಿಲ್ದಾಣದೊಳಕ್ಕೆ ಎತ್ತಿದರು. ಅಷ್ಟು ಆಗುವವರೆಗೆ ಇಂಜಿನ್ ಹಾಗೇ ಗೋಡೆಗೆ ಒರಗಿತ್ತು. ಇಡೀ ಪ್ಯಾರಿಸ್ ನೋಡಲು ಬಂತು. ಕ್ಯಾಮೆರಾ ಇದ್ದವರೂ ಬಂದರು. ಒಬ್ಬರಲ್ಲ, ಹಲವರು ಚಿತ್ರ ತೆಗೆದರು. ಕಾಲು ಊರಿದ ಸ್ಟ್ಯಾಂಡ್ ಹಾಕಿ, ಕಪ್ಪು ಬಟ್ಟೆ ಹೊದ್ದು, ಬೆಳಕು ನೋಡಿ, ನಿಧಾನವಾಗಿ. ಅವುಗಳಲ್ಲಿ ಜಾಸ್ತಿ ಹರಡಿದ್ದು ಲೇವಿ ಎಂಬ ಸ್ಟುಡಿಯೋದ ಹೆಸರಿನದು. ಫ್ರಾನ್ಸ್‌ನ ಊರು, ಕಟ್ಟಡಗಳ ಚಿತ್ರ ಮಾರುವುದೇ ಅವರ ಕಸುಬಾಗಿತ್ತು.

ಅಂದರೆ ಈ ಫೋಟೋದಲ್ಲಿ ಇರುವುದು ಅಪಘಾತದ ನಂತರದ ಹೊತ್ತು. ಅಪಘಾತ ಕೆಲವೇ ಸೆಕೆಂಡಿನದು. ಅದನ್ನು ಯಾವ ಕ್ಯಾಮೆರಾವೂ ನೋಡಲಿಲ್ಲ. ಕ್ಯಾಮೆರಾ ಬರುವ ಹೊತ್ತಿಗೆ ಗಾಯವಾದವರನ್ನು ಕರೆದುಕೊಂಡು ಹೋಗಿದ್ದರು. ಆ ಹೆಂಗಸನ್ನೂ ಕಲ್ಲಿನಡಿಯಿಂದ ತೆಗೆದಿದ್ದರು. ಉಳಿದಿದ್ದದ್ದು ಎತ್ತಲಾಗದ್ದು ಮಾತ್ರ.

ನನ್ನ ಮನಸ್ಸಿನಲ್ಲಿ ದಾಗೆರ್‌ನ ಆ ಬೂಟು ಪಾಲಿಶಿನ ಮನುಷ್ಯ ಮತ್ತು ಈ ಪತ್ರಿಕೆ ಮಾರುವ ಹೆಂಗಸು ಯಾವಾಗಲೂ ಜೊತೆಗೇ ಬರುತ್ತಾರೆ. ಇಬ್ಬರೂ ಪ್ಯಾರಿಸ್‌ನ ಬೀದಿಯಲ್ಲಿ ನಿಂತವರು. ಸುತ್ತ ಎಲ್ಲರೂ ಓಡಾಡುತ್ತಿರುವಾಗ ಒಂದೇ ಕಡೆ ನಿಂತವರು. ಅವನು ನಿಂತಿದ್ದಕ್ಕೆ ಚಿತ್ರದಲ್ಲಿ ಉಳಿದ. ಈಕೆ ನಿಂತಿದ್ದಕ್ಕೆ ಸತ್ತಳು. ನಿಲ್ದಾಣ ಎಂದರೆ ಹೋಗುವವರ ಜಾಗ ಅಂದುಕೊಳ್ಳುತ್ತೇವೆ. ಆದರೆ ದಿನವಿಡೀ ಅಲ್ಲೇ ಇರುವವರು ಬೇರೆಯೇ ಜನ. ಕೂಲಿಗಳು, ಟಿಕೆಟ್ ಕೊಡುವವರು, ಚಹಾ ಮಾರುವವರು, ಗುಡಿಸುವವರು, ಪೇಪರಿನವರು. ಅವರು ಎಲ್ಲಿಗೂ ಹೋಗುವುದಿಲ್ಲ. ಹಳೆಯ ನಿಲ್ದಾಣದ ಯಾವ ಫೋಟೋ ಕೈಗೆ ಸಿಕ್ಕರೂ ನಾನು ಮೊದಲು ಹುಡುಕುವುದು ಅವರನ್ನೇ. ಕಟ್ಟಡ ಯಾರು ಕಟ್ಟಿದರು, ಯಾವ ಶೈಲಿ ಎನ್ನುವುದೆಲ್ಲ ಆಮೇಲೆ.

ಈ ಘಟನೆಯ ಲೆಕ್ಕ ಹೇಗೆ ಚುಕ್ತಾ ಆಯಿತು ಎಂದೂ ಹೇಳಬೇಕು. ಡ್ರೈವರ್ ಪೆಲ್ರಾಂಗೆ ಎರಡು ತಿಂಗಳ ಜೈಲು, 50 ಫ್ರಾಂಕ್ ದಂಡ. ವೇಗವಾಗಿ ಬಂದದ್ದು ತಪ್ಪು ಎಂದರು. ಗಾರ್ಡ್ ಮಾರಿಯೆಟ್‌ಗೆ 25 ಫ್ರಾಂಕ್ ದಂಡ. ರೈಲ್ವೆ ಕಂಪನಿ ಆ ಹೆಂಗಸಿನ ಅಂತ್ಯಕ್ರಿಯೆಯ ಖರ್ಚು ಕೊಟ್ಟಿತು, ಇಬ್ಬರು ಮಕ್ಕಳಿಗೆ ಪಿಂಚಣಿ ಕೊಟ್ಟಿತು. ಇಂಜಿನ್ನನ್ನು ವರ್ಕ್‌ಶಾಪಿಗೆ ಒಯ್ದು ನೋಡಿದರೆ ಅದಕ್ಕೆ ಹೆಚ್ಚೇನೂ ಆಗಿರಲಿಲ್ಲ. ಸಣ್ಣಪುಟ್ಟ ರಿಪೇರಿ ಸಾಕಾಯಿತು. ಕಬ್ಬಿಣ ಗಟ್ಟಿಯಾಗಿತ್ತು.

ಪೆಲ್ರಾಂ ಬಗ್ಗೆ ನನಗೆ ಸಿಟ್ಟಿಲ್ಲ. ಇದನ್ನು ಬ್ರೇಕ್ ಫಿಟ್ಟರ್ ಮಗನಾಗಿ ಹೇಳುತ್ತೇನೆ. ಗಾಡಿ ಲೇಟಾದರೆ ಬೈಗುಳ ಬೀಳುವುದು ಡ್ರೈವರ್‌ಗೆ, ವೇಗವಾಗಿ ಬಂದು ಗುದ್ದಿದರೆ ಜೈಲಿಗೆ ಹೋಗುವುದೂ ಅವನೇ. ಕೆಲವು ನಿಮಿಷ ತಡವಾದರೂ ಚಿಂತೆಯಿಲ್ಲ, ಜೋಪಾನವಾಗಿ ಬಾ ಎಂದು ಹೇಳುವವರು ಮೇಲೆ ಇರಬೇಕು. ಗಾರ್ಡ್‌ನ ಕೈಯಲ್ಲಿ ಒಂದೇ ಹೊತ್ತಿಗೆ ಪೆನ್ನು ಮತ್ತು ಬ್ರೇಕ್ ಎರಡನ್ನೂ ಕೊಟ್ಟವರು ಯಾರು ಎಂದು ಕೇಳಬೇಕು. ದಂಡ ಕಟ್ಟಿದ್ದು ಇಬ್ಬರು ನೌಕರರು. ಟೈಮ್‌ಟೇಬಲ್ ಬರೆದವರು ಯಾರೂ ಕಟಕಟೆಯಲ್ಲಿ ನಿಲ್ಲಲಿಲ್ಲ. ಇದು ನನ್ನ ಅಭಿಪ್ರಾಯ. ನೀವು ಒಪ್ಪಬೇಕಿಲ್ಲ.

ಒಂದು ಸಣ್ಣ ಸಂಗತಿ ಹೇಳಿ ಮುಂದೆ ಹೋಗುತ್ತೇನೆ, ಇದು ನಮ್ಮ ದೇಶಕ್ಕೂ ತಾಗುತ್ತದೆ. ಈ ಅಪಘಾತವಾಗಿ ಎರಡು ತಿಂಗಳು ಆದ ಮೇಲೆ, 1895ರ ಡಿಸೆಂಬರ್ 28ರಂದು, ಅದೇ ಪ್ಯಾರಿಸ್‌ನಲ್ಲಿ ಲೂಮಿಯೇರ್ ಸಹೋದರರು ದುಡ್ಡು ಕೊಟ್ಟು ಬಂದ ಜನರಿಗೆ ಸಿನಿಮಾ ತೋರಿಸಿದರು. ನಿಂತದ್ದನ್ನು ಮಾತ್ರ ಹಿಡಿಯುತ್ತಿದ್ದ ಫೋಟೋಕ್ಕೆ ನಡಿಗೆ ಬಂತು. ಅವರು ತೆಗೆದ ತುಣುಕುಗಳಲ್ಲಿ ಹೆಸರುವಾಸಿಯಾದ ಒಂದು, ನಿಲ್ದಾಣಕ್ಕೆ ರೈಲು ಬರುವ ದೃಶ್ಯ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ನಮ್ಮ ದೇಶದ ಮೊದಲ ಸಿನಿಮಾ ಪ್ರದರ್ಶನ ನಡೆದಾಗ ಅಲ್ಲಿಯೂ ರೈಲು ಬರುವ ತುಣುಕು ಇತ್ತು. ಆ ರೈಲು ಸರಿಯಾದ ಜಾಗದಲ್ಲಿ ನಿಲ್ಲುತ್ತದೆ, ಜನ ಇಳಿಯುತ್ತಾರೆ.

ಪ್ಯಾರಿಸ್‌ನ ಆ ಡಿಸೆಂಬರ್ ಸಂಜೆ ನೋಡುವವರ ನಡುವೆ ಜಾರ್ಜ್ ಮೆಲಿಯೆಸ್ ಎಂಬ ಜಾದೂಗಾರನಿದ್ದ. ಮುಂದೆ ನೂರಾರು ಸಿನಿಮಾ ಮಾಡಿದ, ತೆರೆಯ ಮೇಲೆ ಚಂದ್ರನಲ್ಲಿಗೆ ಮನುಷ್ಯರನ್ನು ಕಳಿಸಿದ. ಆಮೇಲೆ ಎಲ್ಲ ಕಳೆದುಕೊಂಡ. 1920ರ ದಶಕದಲ್ಲಿ ಆತ ಹೊಟ್ಟೆಪಾಡಿಗೆ ಒಂದು ನಿಲ್ದಾಣದೊಳಗೆ ಹೆಂಡತಿಯ ಜೊತೆ ಆಟಿಕೆ, ಮಿಠಾಯಿ ಅಂಗಡಿ ಇಟ್ಟುಕೊಂಡು ಕೂತಿದ್ದ. ಆ ನಿಲ್ದಾಣ ಮೋಂಪಾರ್ನಾಸ್. ಆತನೂ ಹೀಗೆ ಅಲ್ಲೇ ಇರುವವರ ಸಾಲಿಗೆ ಸೇರಿದ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.

*

ಮೊದಲ ಪ್ರಶ್ನೆ ಹಿಂದಿನ ಸಾಲಿನ ಕಾಲೇಜು ಹುಡುಗನದು. “ಸರ್, ಹಾಗಾದ್ರೆ ಈ ಫೋಟೋನ ಶೇರ್ ಮಾಡಲೇಬಾರದಾ?”

ಮಾಡಿ ಎಂದೆ. ಒಳ್ಳೆಯ ಫೋಟೋ ಅದು, ನೋಡಬೇಕಾದ್ದೇ. ಕಳಿಸುವಾಗ ಜೊತೆಗೆ ಒಂದು ಸಾಲು ಬರೆಯಿರಿ. ಇಂಥ ದಿನ, ಇಂಥ ಊರು, ಇಂಥ ಹೆಸರಿನ ಹೆಂಗಸು ಅಲ್ಲಿ ಪತ್ರಿಕೆ ಮಾರುತ್ತಿದ್ದಳು ಎಂದು. ನಾನು ನನ್ನ ಹತ್ತಿರ ಇರುವ ಪ್ರತಿಯ ಹಿಂದೆ ಪೆನ್ಸಿಲ್‌ನಲ್ಲಿ ಆ ಹೆಸರು ಬರೆದಿಟ್ಟಿದ್ದೇನೆ. ಅಪ್ಪ ಯಾವ ಫೋಟೋ ಸಿಕ್ಕರೂ ಹಿಂದೆ ಹೀಗೆ ಬರೆದಿಡುತ್ತಿದ್ದರು. ವರ್ಕ್‌ಶಾಪಿನ ಗ್ರೂಪ್ ಫೋಟೋದ ಹಿಂದೆ ಎಡದಿಂದ ಬಲಕ್ಕೆ ಎಲ್ಲರ ಹೆಸರು ಇದೆ. ಅವರಲ್ಲಿ ಸುಮಾರು ಜನ ಈಗಿಲ್ಲ. ಆದರೆ ಯಾರ ಮಕ್ಕಳು ಬಂದು ಕೇಳಿದರೂ ಇವರೇ ನಿಮ್ಮ ತಂದೆ ಎಂದು ಬೆರಳಿಟ್ಟು ತೋರಿಸಬಹುದು.

ಕೊನೆಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದರು. ಅವರ ಮಗಳು ಪ್ಯಾರಿಸ್‌ನಲ್ಲಿ ಕೆಲಸಕ್ಕಿದ್ದಾಳಂತೆ. ಬೇಸಿಗೆಗೆ ಹೋಗುವವರಿದ್ದಾರೆ. “ಆ ಜಾಗ ಈಗ ಎಲ್ಲಿದೆ ಹೇಳ್ರಿ. ಹೋದಾಗ ಒಂದ್ಸಲ ನಿಂತು ನೋಡಿ ಬರ್ತೀನಿ” ಎಂದರು.

ನಾನು ಹೇಳಿದ್ದು ಇದು. ಹಿರಿಯರೇ, ಆ ಗೋಡೆ ಈಗಿಲ್ಲ. 1944ರ ಆಗಸ್ಟ್ 25ರಂದು ಪ್ಯಾರಿಸ್‌ನಲ್ಲಿದ್ದ ಜರ್ಮನ್ ಸೇನಾಪತಿ ಶರಣಾದಾಗ ಅವನನ್ನು ಕರೆತಂದದ್ದು ಅದೇ ನಿಲ್ದಾಣಕ್ಕೆ. ಅಲ್ಲಿಯವರೆಗೂ, ಅದಾದ ಮೇಲೂ ಕಟ್ಟಡ ನಿಂತಿತ್ತು. 1960ರ ದಶಕದಲ್ಲಿ ಕೆಡವಿದರು. ಹೊಸ ನಿಲ್ದಾಣ ಹಿಂದಕ್ಕೆ ಸರಿದಿದೆ. ಹಳೆಯ ಜಾಗದಲ್ಲಿ 210 ಮೀಟರ್ ಎತ್ತರದ ಗೋಪುರ ಕಟ್ಟಿದ್ದಾರೆ, 1973ರಲ್ಲಿ ತೆರೆದದ್ದು. ಅದು ದೂರದಿಂದಲೇ ಕಾಣುತ್ತದೆ, ದಾರಿ ತಪ್ಪುವುದಿಲ್ಲ. ಮುಂದಿನ ಚೌಕಕ್ಕೂ ಈಗ ಹೆಸರು ಬೇರೆ, 18 ಜೂನ್ 1940ರ ಚೌಕ ಎಂದು. ಮೆಟ್ರೋದಲ್ಲಿ ಮೋಂಪಾರ್ನಾಸ್ ಬಿಯೆನ್‌ವೆನ್ಯೂ ಎನ್ನುವಲ್ಲಿ ಇಳಿದು ಆ ಚೌಕಕ್ಕೆ ಹೋಗಿ. ರೂ ದ ರೆನ್ ಎನ್ನುವ ಉದ್ದನೆಯ ರಸ್ತೆ ಅಲ್ಲಿಗೆ ಬಂದು ಸೇರುತ್ತದೆ. ಆ ರಸ್ತೆಗೆ ಬೆನ್ನು ಮಾಡಿ, ಗೋಪುರಕ್ಕೆ ಮುಖ ಮಾಡಿ ನಿಂತುಕೊಳ್ಳಿ. ಗೋಡೆ ನಿಮ್ಮ ಎದುರಿಗೆ ಇತ್ತು. ಆಕೆ ಪತ್ರಿಕೆ ಮಾರುತ್ತಿದ್ದದ್ದು ಅದರ ಬುಡದಲ್ಲಿ.

ಅವರು ಜೇಬಿನಿಂದ ಚೀಟಿ ತೆಗೆದು ರಸ್ತೆಯ ಹೆಸರು ಬರೆದುಕೊಂಡರು. “ಆಕೀ ಹೆಸರೂ ಒಂದ್ಸಲ ಹೇಳ್ರಿ” ಎಂದರು. ಹೇಳಿದೆ. ಅದನ್ನೂ ಬರೆದುಕೊಂಡರು.